ಸೊಲ್ಲಾಪುರ ರಸ್ತೆಯ ಚಳಿಗಾಲದ ಹಬ್ಬಗಳು ಮತ್ತು ಸಮಾಜವಾದಿ ನಿಲುವು: ಒಂದು ಟಿಪ್ಪಣಿ

1. ವ್ಯಾಪ್ತಿ

ವಿಜಯಪುರ–ಸೊಲ್ಲಾಪುರ ರಸ್ತೆಯ (ಈಗಿನ ರಾಷ್ಟ್ರೀಯ ಹೆದ್ದಾರಿ 52; ಹಳೆಯ ಸಂಖ್ಯೆ 13) ಎರಡೂ ತುದಿಗಳಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಕೂಡುತ್ತದೆ. ಅದಕ್ಕೂ ಮುಂಚೆ, ಮಾರ್ಗಶಿರ ಬಹುಳ ಅಮಾವಾಸ್ಯೆಯಂದು, ತಿಕೋಟಾ–ಬಬಲೇಶ್ವರ ಸೀಮೆಯ ಹೊಲಗಳಲ್ಲಿ ಎಳ್ಳಮಾಸಿಯ ಚರಗ, ಅಂದರೆ ಎಡೆಯನ್ನು ಬೆಳೆಯ ಮೇಲೆ ಚೆಲ್ಲುವ ವಿಧಿ. ಇವುಗಳನ್ನು ಸಮಾಜವಾದಿಯೊಬ್ಬರು ಹೇಗೆ ಕಾಣಬಹುದು, ಯಾವ ಷರತ್ತಿನ ಮೇಲೆ ಆಚರಿಸಬಹುದು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ದೇವರ ಅಸ್ತಿತ್ವದ ಚರ್ಚೆ ಇದರ ವ್ಯಾಪ್ತಿಗೆ ಬರುವುದಿಲ್ಲ.

2. ತಿಥಿ ಮತ್ತು ದಿನಾಂಕ

ಸಂಕ್ರಾಂತಿ ಜನವರಿ 14ಕ್ಕೇ ಬರುವ ಸ್ಥಿರ ಹಬ್ಬ ಎಂಬ ಗ್ರಹಿಕೆ ಸ್ಥೂಲವಾದದ್ದು. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಸಂಕ್ರಾಂತಿಯ ದಿನವೇ ಆಗಿತ್ತು. ಈಗ ಅದು 14 ಅಥವಾ 15ಕ್ಕೆ ಬೀಳುತ್ತದೆ. ನಿರಯಣ ವರ್ಷವು ಗ್ರೆಗೋರಿಯನ್ ವರ್ಷಕ್ಕಿಂತ ತುಸು ದೀರ್ಘವಾದ ಕಾರಣ, ಗಣಿತ ಪದ್ಧತಿಗೆ ಅನುಸಾರವಾಗಿ ಸುಮಾರು 60–70 ವರ್ಷಕ್ಕೊಂದು ದಿನ ಹಬ್ಬ ಮುಂದಕ್ಕೆ ಸರಿಯುತ್ತದೆ. ಇದೇ ಲೆಕ್ಕದಲ್ಲಿ ಹಿಂದೆ ಹೋದರೆ, ಸೊನ್ನಲಿಗೆಯ (ಈಗಿನ ಸೊಲ್ಲಾಪುರದ) ಸಿದ್ಧರಾಮನ, ಅಂದರೆ ಜಾತ್ರೆಯ ಸಿದ್ಧೇಶ್ವರನ, 12ನೆಯ ಶತಮಾನದಲ್ಲಿ ಉತ್ತರಾಯಣ ಸಂಕ್ರಮಣ ಜೂಲಿಯನ್ ಪಂಚಾಂಗದ ಡಿಸೆಂಬರ್ 24–25ರ ಆಸುಪಾಸಿಗೆ ಬರುತ್ತದೆ, ಅಂದರೆ ಅಂದಿನ ಯುರೋಪಿನ ಕ್ರಿಸ್‌ಮಸ್‌ಗೆ. ಇದನ್ನು ಕಾಕತಾಳೀಯವೆಂದೇ ಗಣಿಸತಕ್ಕದ್ದು. ಎರಡು ಹಬ್ಬಗಳ ನಡುವೆ ಸಂಬಂಧ ಊಹಿಸಲು ಇಷ್ಟು ಸಾಲದು. ಹಬ್ಬದ ದಿನ ಅನಾದಿಯಿಂದ ಕದಲಿಲ್ಲ ಎಂಬ ವಾದವನ್ನಂತೂ ಇದು ಸಡಿಲಿಸುತ್ತದೆ.

ಎಳ್ಳಮಾಸಿಯ ಓಲಾಟ ಇನ್ನೂ ಹೆಚ್ಚು. 2022ರಲ್ಲಿ ಅದು ಎರಡು ಸಲ ಬಂತು (ಜನವರಿ 2, ಡಿಸೆಂಬರ್ 23). 2023ರಲ್ಲಿ ಬರಲೇ ಇಲ್ಲ. 2024ರಲ್ಲಿ ಮತ್ತೆ ಎರಡು ಸಲ (ಜನವರಿ 11, ಡಿಸೆಂಬರ್ 30). ಚಾಂದ್ರ ವರ್ಷ ಸೌರ ವರ್ಷಕ್ಕಿಂತ ಚಿಕ್ಕದಾಗಿರುವುದರ, ಮತ್ತು ಅದನ್ನು ಸರಿದೂಗಿಸುವ ಅಧಿಕ ಮಾಸದ ಪರಿಣಾಮವಿದು.

3. ಪೂರ್ವ ನಿಲುವುಗಳು

ಲೆನಿನ್ನರ ‘ಸಮಾಜವಾದ ಮತ್ತು ಧರ್ಮ’ ಲೇಖನ (1905ರ ಡಿಸೆಂಬರ್, ಹಳೆಯ ಪಂಚಾಂಗದಲ್ಲಿ 3, ಹೊಸದರಲ್ಲಿ 16) ಧರ್ಮವನ್ನು ಪ್ರಭುತ್ವದ ಮಟ್ಟಿಗೆ ಖಾಸಗಿ ಸಂಗತಿಯೆಂದು ಇಡುತ್ತದೆ, ಪಕ್ಷದ ಮಟ್ಟಿಗೆ ಅಲ್ಲ. ಆದರೂ ಪಕ್ಷದ ಕಾರ್ಯಕ್ರಮದಲ್ಲಿ ನಾಸ್ತಿಕತೆಯನ್ನು ಸೇರಿಸುವುದನ್ನು ಅದು ಒಪ್ಪುವುದಿಲ್ಲ. ಕರ್ನಾಟಕದ ಸಮಾಜವಾದಿಗಳ ಮೇಲೆ ಹೆಚ್ಚು ಪ್ರಭಾವ ಬೀರಿದ ಲೋಹಿಯಾ ಇನ್ನೊಂದು ದಾರಿ ಹಿಡಿದರು. ರಾಮ, ಕೃಷ್ಣ, ಶಿವರನ್ನು ಅವರು ಜನಸಮುದಾಯದ ಕನಸುಗಳಾಗಿ ಓದಿದರು. 1961ರಲ್ಲಿ ಚಿತ್ರಕೂಟದ ರಾಮಾಯಣ ಮೇಳಕ್ಕೆ ಯೋಜನೆ ಹಾಕಿದರು. ಸಾನೆ ಗುರೂಜಿಯವರದು ಮೂರನೆಯ ಮಾದರಿ: ಸೊಲ್ಲಾಪುರ ಜಿಲ್ಲೆಯದೇ ಆದ ಪಂಢರಪುರದಲ್ಲಿ ದಲಿತರ ದೇವಾಲಯ ಪ್ರವೇಶಕ್ಕಾಗಿ 1947ರ ಮೇ ತಿಂಗಳಲ್ಲಿ ಉಪವಾಸ ಕೂತರು. ಈ ರಸ್ತೆಯ ಮಟ್ಟಿಗೆ ಮೂರನೆಯದೇ ಹೆಚ್ಚು ಉಪಯುಕ್ತವೆಂದು ತೋರುತ್ತದೆ, ಏಕೆಂದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಪಾಲುಗಾರಿಕೆ. ನಂಬಿಕೆಯ ಪ್ರಶ್ನೆ ಆಮೇಲಿನದು.

4. ಜಾತ್ರೆ

ಸೊಲ್ಲಾಪುರದ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು. ಅವುಗಳ ಮಾನ (ಗೌರವದ ಹಕ್ಕು) ಬೇರೆ ಬೇರೆ ಸಮುದಾಯಗಳಿಗೆ ಹಂಚಿಕೆಯಾಗಿದೆ. ಕುಂಬಾರ ಕನ್ಯೆಯೊಂದಿಗೆ ಸಿದ್ಧರಾಮನ ಸಾಂಕೇತಿಕ ವಿವಾಹವೇ ಅಲ್ಲಿನ ಮುಖ್ಯ ವಿಧಿ. ಕೆರೆ ಕಟ್ಟಿಸಿದ ಶರಣನೆಂದು ಹೆಸರಾದವನ ಜಾತ್ರೆಯಲ್ಲಿ ಕಾಯಕದವರಿಗೆ ಇಷ್ಟು ಸ್ಥಾನವಿರುವುದು ಗಮನಾರ್ಹ. ಆದರೆ ಮಾನ ಎಂದಮೇಲೆ ಅದಕ್ಕೊಂದು ಸರದಿಯೂ ಇರುತ್ತದೆ. ಭಾಗವಹಿಸುವಿಕೆಯನ್ನು ಸಮಾನತೆಯೆಂದು ಎಣಿಸುವುದು ಅವಸರದ ತೀರ್ಮಾನವಾದೀತು.

5. ಚರಗ ಮತ್ತು ಕೂಲಿ

ಎಳ್ಳಮಾಸಿಯ ಹೊತ್ತಿಗೆ ಹಿಂಗಾರಿ ಜೋಳ ಎದೆಮಟ್ಟ ಬೆಳೆದಿರುತ್ತದೆ. ಹೊಲದಲ್ಲಿ ಐದು ಕಲ್ಲಿಟ್ಟು, ಪಾಂಡವರೆಂದು ಪೂಜಿಸಿ, ಸಜ್ಜಿ ಕಡಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಬದನಿಕಾಯಿ ಎಣಗಾಯಿ ಎಲ್ಲದರಲ್ಲೂ ತುಸು ಎತ್ತಿಕೊಂಡು ಬೆಳೆಯ ಮೇಲೆ ಚೆಲ್ಲುತ್ತಾರೆ. ಆಮೇಲೆ ಬೀಗರು, ನೆರೆಹೊಲದವರು, ಆಳುಮಕ್ಕಳು ಹೊಲದಲ್ಲೇ ಉಣ್ಣುತ್ತಾರೆ. ಭೂಮಿ ಕೊಟ್ಟದ್ದರಲ್ಲಿ ಭೂಮಿಗೊಂದು ಪಾಲು ಎಂಬ ಈ ತತ್ತ್ವವನ್ನು ಒಪ್ಪಲು ಸಮಾಜವಾದಿಗೆ ಅಡ್ಡಿ ಕಾಣದು. ತೊಡಕಿರುವುದು ಬೇರೆಡೆ. ಚರಗ ಚೆಲ್ಲಲು ಹೊಲ ಬೇಕು. ಭೂಹೀನರು ಆ ದಿನ ಇನ್ನೊಬ್ಬರ ಹೊಲಕ್ಕೆ ಉಣ್ಣಲು ಹೋಗುವವರು, ಮತ್ತು ಸಾಮಾನ್ಯವಾಗಿ ಆ ದಿನದ ಕೂಲಿ ಕಳೆದುಕೊಳ್ಳುವವರು. ತಿಕೋಟಾದ ದ್ರಾಕ್ಷಿ ತೋಟಗಳಿಗೂ ಈ ಮಾತು ಅನ್ವಯಿಸುತ್ತದೆ: ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ಬರುವ ಇದೇ ತಿಂಗಳುಗಳಲ್ಲಿ ತೋಟದ ಕೆಲಸ ಬಿಡುವು ಕೊಡುವುದಿಲ್ಲ.

ಕರ್ನಾಟಕದ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) ಕಾಯ್ದೆ, 1963, ಹಬ್ಬದ ರಜೆಯನ್ನು ಸಂಬಳಸಹಿತ ಹಕ್ಕಾಗಿಸಿದೆ. ಹೊಲದ ದಿನಗೂಲಿಯವರಿಗೆ ಅದರ ಪ್ರಯೋಜನ ತಲುಪುವಂತೆ ಕಾಣುವುದಿಲ್ಲ. ಹಾಗಾಗಿ ಎಳ್ಳಮಾಸಿಯನ್ನು ಸಮಾಜವಾದಿಯಾಗಿ ಆಚರಿಸುವುದೆಂದರೆ, ಕನಿಷ್ಠಪಕ್ಷ, ಬುತ್ತಿಯ ಜೊತೆಗೆ ಆ ದಿನದ ಪೂರ್ತಿ ಕೂಲಿಯನ್ನೂ ಕೊಡುವುದು ಎನ್ನಬಹುದು. ಇದನ್ನು ಕರಾರಿಗೆ ಇಳಿಸುವವರು ತಿಥಿಯನ್ನೇ ಹೆಸರಿಸುವುದು ಲೇಸು. ‘ವರ್ಷಕ್ಕೊಂದು ರಜೆ’ ಎಂದು ಬರೆದರೆ 2022ರಲ್ಲೂ 2024ರಲ್ಲೂ ಎರಡನೆಯ ಎಳ್ಳಮಾಸಿಯ ಕೂಲಿ ತಪ್ಪಿಹೋಗುತ್ತಿತ್ತು.