ವಾಯುಭಾರವೂ ಮೈಸೂರು ಸೀಮೆಯ ಪಾದರಸದ ಲೆಕ್ಕವೂ

ನಾವು ವಾಯುಸಾಗರದ ತಳದಲ್ಲಿ ವಾಸಿಸುವೆವೆಂಬುದನ್ನು ಕ್ರಿ. ಶ. 1644ರಲ್ಲಿ ಇಟಲಿಯ ಟಾರಿಚೆಲ್ಲಿಯು ಪಾದರಸದ ನಾಳದ ಮೂಲಕ ವಿವರಿಸಿದನು. 1648ರಲ್ಲಿ ಪಾಸ್ಕಲನ ಸೂಚನೆಯಂತೆ ಪೆರಿಯೆ ಎಂಬಾತನು ಅಂತಹ ನಾಳವನ್ನು ಪರ್ವತದ ಮೇಲಕ್ಕೆ ಒಯ್ಯಲು, ಪಾದರಸವು ಇಳಿಯಿತು. ಮೇಲೇರಿದಷ್ಟೂ ನಮ್ಮ ಮೇಲಣ ವಾಯುರಾಶಿಯು ಕಡಿಮೆಯಾಗುವುದೇ ಇದಕ್ಕೆ ಕಾರಣವು.

ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ಹವಾ ವೀಕ್ಷಣೆಗಳನ್ನು ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರು 1893ನೆಯ ಇಸವಿಯಿಂದ ವಾರ್ಷಿಕ ವರದಿಗಳಾಗಿ ಕ್ರಮಪಡಿಸಿದರು. ಕರಾವಳಿಯಲ್ಲಿ ಸುಮಾರು 30 ಅಂಗುಲ ನಿಲ್ಲುವ ಪಾದರಸವು, 3,000 ಅಡಿಗಳಷ್ಟು ಎತ್ತರದ ಬೆಂಗಳೂರಿನಲ್ಲಿ 27 ಅಂಗುಲಗಳ ಆಸುಪಾಸಿನಲ್ಲಿರುವುದು. ಅದೇ ಪ್ರಸ್ಥಭೂಮಿಯಲ್ಲಿ ಹೊಸೂರು ಮಾರ್ಗದ ಮೇಲಿರುವ ಚಂದಾಪುರದಲ್ಲಿಯೂ ಸ್ಥಿತಿಯು ಹೆಚ್ಚುಕಡಿಮೆ ಇದೇ. ಅಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕುದಿಯುತ್ತದೆ. ಆದುದರಿಂದ ಅಂಕಿಗಳನ್ನು ಸಮುದ್ರಮಟ್ಟಕ್ಕೆ ಪರಿವರ್ತಿಸದೆ ಎರಡು ಊರುಗಳನ್ನು ಹೋಲಿಸುವುದು ಯುಕ್ತವಲ್ಲ. ಹೋಲಿಸಿದಲ್ಲಿ, ಕೇವಲ ಎತ್ತರದಿಂದುಂಟಾದ 3 ಅಂಗುಲಗಳ ಕೊರತೆಯನ್ನು ಬಿರುಗಾಳಿಯ ಸೂಚನೆಯೆಂದು ಭ್ರಮಿಸಬೇಕಾದೀತು.

ಇನ್ನು ಪರಿಭಾಷೆಯ ವಿಚಾರ. ವೃತ್ತಪತ್ರಿಕೆಗಳಲ್ಲಿ 'ವಾಯುಭಾರ ಕುಸಿತ'ವೆಂಬ ಮಾತು ರೂಢಮೂಲವಾಗಿದೆ. ಆದರೆ ಭಾರವು ಕೆಳಮುಖವಾದುದು; ಒತ್ತಡವಾದರೋ ಒಂದೆಡೆಯಲ್ಲಿ ಎಲ್ಲ ದಿಕ್ಕುಗಳಿಗೂ ಸಮಾನವಾದುದು. ಪಾದರಸವನ್ನು ಎತ್ತಿ ನಿಲ್ಲಿಸುವುದು ಈ ಒತ್ತಡವೇ. ಆದಕಾರಣ ಬೋಧನೆಯಲ್ಲಿ ಮೂಲಕಾರಣಕ್ಕೆ 'ಭಾರ'ವೆಂದೂ, ಅಳೆಯಲ್ಪಡುವ ಪರಿಮಾಣಕ್ಕೆ 'ಒತ್ತಡ'ವೆಂದೂ ವಿಂಗಡಿಸಿ ಹೇಳುವುದು ಲೇಸೆಂದು ತೋರುತ್ತದೆ.