ಜೂನ್ ಒಂದರ ಮಕ್ಕಳು

ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ಬಿಡಿಸಿ ನೋಡಿದವರಿಗೆ ನಗು ಬರದಿರದು. ಹುದಿಕೇರಿಯ ಆಸುಪಾಸಿನ ಕಾಫಿ ತೋಟಗಳ ಲೈನ್ ಮನೆಗಳಿಂದ ಬಂದ ಮಕ್ಕಳಲ್ಲಿ ಹೆಚ್ಚಿನವರು ಜೂನ್ ಒಂದರಂದೇ ಹುಟ್ಟಿದವರು! ಇದರ ಗುಟ್ಟು ಮೇಷ್ಟ್ರುಗಳಿಗೆಲ್ಲ ಗೊತ್ತು. ಜನನ ಮರಣಗಳನ್ನು ನೋಂದಾಯಿಸಲೇಬೇಕೆಂದು 1969ರಲ್ಲೇ ಕಾಯ್ದೆ ಬಂದಿದ್ದರೂ ಲೈನ್ ಮನೆಯ ಹೆರಿಗೆಗಳು ಯಾವ ಪುಸ್ತಕಕ್ಕೂ ಏರುತ್ತಿರಲಿಲ್ಲ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕು. ಹಾಗಾಗಿ ಆರು ವರ್ಷ ಹಿಂದಕ್ಕೆ ಎಣಿಸಿ ಜೂನ್ ಒಂದು ಎಂದು ಬರೆದುಬಿಟ್ಟರೆ ಆಯಿತು.

ನಾನೂ ಹಾಗೇ ಬರೆದೆ. 1993ರ ಜಡಿಮಳೆಯ ಒಂದು ಬೆಳಿಗ್ಗೆ ಯರವರ ಹೆಂಗಸೊಬ್ಬಳು ಮಗನನ್ನು ಗೊರಬೆಯೊಳಗೆ ಅವಿಸಿಕೊಂಡು ಬಂದಳು. ಹುಟ್ಟಿದ್ದು ಯಾವಾಗ ಎಂದು ಕೇಳಿದ್ದಕ್ಕೆ, "ಪುತ್ತರಿಗೆ ಮುಂಚೆ ಟೀಚರಮ್ಮ" ಎಂದಳು. ಆಗ ನಾನು ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ, ಬಾಗಿಲಲ್ಲಿ ಸಾಲು ನಿಂತಿತ್ತು. 1-6-1987 ಎಂದು ಬರೆದು ಮುಂದಿನ ಮಗುವನ್ನು ಕರೆದೆ.

ಹುಡುಗ ಏಳನೆಯ ತರಗತಿಯವರೆಗೆ ಬಂದು ಶಾಲೆ ಬಿಟ್ಟ. ಮತ್ತೆ ಅವನು ನನ್ನ ಮುಂದೆ ಬಂದು ನಿಂತಿದ್ದು 2019ರಲ್ಲಿ. ಅಷ್ಟರಲ್ಲಿ ನಾನು ಅದೇ ಶಾಲೆಯ ಪ್ರಭಾರಿ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಅವನಿಗೆ ಗುತ್ತಿಗೆಯ ಚಾಲಕನ ಕೆಲಸವೊಂದು ಸಿಕ್ಕಿತ್ತು, ಪೊಲೀಸ್ ಪರಿಶೀಲನೆಯಲ್ಲಿ ತಪ್ಪಿಹೋಗಿತ್ತು. 2005ರ ಫೆಬ್ರುವರಿಯಲ್ಲಿ, ಕರಿಮೆಣಸು ಕೊಯ್ಯುವ ಕಾಲದಲ್ಲಿ, ಒಂದು ಚೀಲ ಮೆಣಸು ಕದ್ದನೆಂದು ಅವನ ಮೇಲೆ ಕೇಸಾಗಿತ್ತಂತೆ. ಯಾರೋ ಅಂದಾಜಿಗೆ ವಯಸ್ಸು ಹತ್ತೊಂಬತ್ತು ಎಂದು ಬರೆದಿದ್ದರು. ತಪ್ಪು ಒಪ್ಪಿಕೊಂಡರೆ ಇವತ್ತೇ ಮನೆಗೆ ಹೋಗಬಹುದು ಎಂದು ಯಾರೋ ಹೇಳಿದ್ದಕ್ಕೆ ಒಪ್ಪಿಕೊಂಡು ದಂಡ ಕಟ್ಟಿ ಬಂದಿದ್ದ.

"ಕದ್ದಿದ್ದು ಹೌದಾ?" ಎಂದು ಕೇಳಿದೆ.

"ಹೌದು ಟೀಚರೇ. ಆದರೆ ಆವಾಗ ನಂಗೆ ಎಷ್ಟು ವಯಸ್ಸು, ನೀವೇ ಹೇಳಿ."

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಕಾನೂನಿನ ಪುಸ್ತಕಗಳನ್ನು ಓದತೊಡಗಿದೆ. ಮಕ್ಕಳ ತಪ್ಪನ್ನು ಏನು ಮಾಡಬೇಕೆಂದು ನಮ್ಮ ದೇಶದ ಕಾನೂನು ಬಹಳ ಕಾಲ ತಡಕಾಡಿದೆ. 1850ರ ಅಪ್ರೆಂಟಿಸ್ ಕಾಯ್ದೆ ಅಂಥ ಮಕ್ಕಳನ್ನು ಕಸುಬು ಕಲಿಯಲು ಹಚ್ಚಿತು. 1860ರ ದಂಡ ಸಂಹಿತೆ ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ ಎಂದಿತು. ಆದರೆ 1871ರಲ್ಲಿ ಅದೇ ಸರ್ಕಾರ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆ ತಂದು, ಕೆಲವು ಜಾತಿಗಳಲ್ಲಿ ಹುಟ್ಟಿದ್ದೇ ತಪ್ಪು ಎನ್ನುವಂತೆ ಜನರ ಹೆಸರುಗಳನ್ನು ರಿಜಿಸ್ಟರಿಗೆ ಏರಿಸಿತು. ಸರ್ಕಾರದ ಆ ಪಟ್ಟಿಯನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿರಲಿಲ್ಲ. ವಕೀಲರಿದ್ದರೂ ಉಪಯೋಗವಿಲ್ಲ! ಅಂಥವರನ್ನು ಬೇಲಿಯೊಳಗೆ ಕೂಡಿಟ್ಟ ಹುಬ್ಬಳ್ಳಿಯ ಜಾಗಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ಆ ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ರಂದು. ಬರೆಯುವುದು ಸುಲಭ, ಅಳಿಸುವುದಕ್ಕೆ ಎಂಬತ್ತೊಂದು ವರ್ಷ ಬೇಕಾಯಿತು.

ಸ್ವಾತಂತ್ರ್ಯದ ನಂತರ ಗಾಳಿ ಬೇರೆ ಕಡೆ ತಿರುಗಿತು. 1986ರ ಬಾಲ ನ್ಯಾಯ ಕಾಯ್ದೆ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ಎಂದು ಗೆರೆ ಎಳೆಯಿತು. 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಎಂದಿತು. ಅಪರಾಧ ನಡೆದ ದಿನ ನಾನು ಬಾಲಕನಾಗಿದ್ದೆ ಎಂದು ಯಾವ ಹಂತದಲ್ಲಾದರೂ, ಕೇಸು ಮುಗಿದ ಮೇಲೂ, ಹೇಳಿಕೊಳ್ಳಬಹುದೆಂದು 2006ರ ತಿದ್ದುಪಡಿ ಸ್ಪಷ್ಟಪಡಿಸಿತು. 2015ರ ಕಾಯ್ದೆಯ 9ನೇ ಸೆಕ್ಷನ್ನೂ ಅದನ್ನೇ ಹೇಳುತ್ತದೆ. ಬಾಲಕನೆಂದು ಸಾಬೀತಾದರೆ ಹಿಂದೆ ಕೊಟ್ಟ ಶಿಕ್ಷೆಗೆ ಬೆಲೆಯಿಲ್ಲ. ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗಬೇಕು. ಅಂಥ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಬರಬಾರದು ಎನ್ನುತ್ತದೆ 24ನೇ ಸೆಕ್ಷನ್. ವಯಸ್ಸಿಗೆ ಪುರಾವೆಯೇನು? 94ನೇ ಸೆಕ್ಷನ್ ಪ್ರಕಾರ ಮೊದಲ ಸ್ಥಾನ ಶಾಲೆಯ ದಾಖಲೆಗೆ. ಪಂಚಾಯಿತಿಯ ಜನನ ಪತ್ರ, ಮೂಳೆಯ ಪರೀಕ್ಷೆ ಎಲ್ಲ ಅದು ಇಲ್ಲದಾಗ ಮಾತ್ರ.

ಓದಿ ಮುಗಿಸಿ ಬೀರುವಿನಿಂದ ಪುಸ್ತಕ ತೆಗೆದೆ. 1-6-1987, ನನ್ನದೇ ಅಕ್ಷರ. ಆ ಲೆಕ್ಕದಲ್ಲಿ ಮೆಣಸು ಕದ್ದಾಗ ಅವನಿಗೆ ಹದಿನೇಳು ವರ್ಷ ಎಂಟು ತಿಂಗಳು.

ಅವನು ಪರಿಶಿಷ್ಟ ಪಂಗಡದವನು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಪುಕ್ಕಟೆಯಾಗಿ ವಕೀಲರು ಸಿಗುತ್ತಾರೆ ಎಂದೆ. "ನನ್ನ ತಪ್ಪು, ನಾನೇ ಹೇಳ್ತೇನೆ ಟೀಚರೇ" ಎಂದ. ತಾನೇ ಹೋಗಿ ಹಳೆಯ ತೀರ್ಪಿನ ದೃಢೀಕೃತ ನಕಲು ತೆಗೆಸಿದ. ಶಾಲೆಗೆ ಅರ್ಜಿ ಕೊಟ್ಟು ದಾಖಲಾತಿ ಪುಸ್ತಕದ ನಕಲು ಪಡೆದ. ಶಿಕ್ಷೆ ಕೊಟ್ಟ ನ್ಯಾಯಾಲಯಕ್ಕೇ ಕನ್ನಡದಲ್ಲಿ ಎರಡು ಪುಟದ ಅರ್ಜಿ ಬರೆದು, ಪ್ರಮಾಣಪತ್ರ ಲಗತ್ತಿಸಿ ಸಲ್ಲಿಸಿದ. ಕಾಗುಣಿತ ಮಾತ್ರ ನಾನು ತಿದ್ದಿದೆ.

ಮೂಲ ಪುಸ್ತಕದೊಂದಿಗೆ ಬರಬೇಕೆಂದು ನನಗೂ ಸಮನ್ಸ್ ಬಂತು. ಬಸ್ಸಿನಲ್ಲಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ಅವನ ತಾಯಿಯ ಮಾತು ನೆನಪಾಗಿ ಎದೆ ಧಸಕ್ಕೆಂದಿತು. ಪುತ್ತರಿಗೆ ಮುಂಚೆ, ಸರಿ. ಯಾವ ಪುತ್ತರಿ? 1987ರದ್ದಾದರೆ ಹದಿನೇಳು ದಾಟಿತ್ತಷ್ಟೆ. 1986ರದ್ದಾದರೆ ಹದಿನೆಂಟು ತುಂಬಿ ಎರಡು ತಿಂಗಳು. ಆ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು.

ಕಟಕಟೆಯಲ್ಲಿ ನಿಂತಾಗ ನ್ಯಾಯಾಧೀಶರು, "ಈ ತಾರೀಕು ಬರೆದವರು ಯಾರು?" ಎಂದು ಕೇಳಿದರು.

"ನಾನೇ ಸ್ವಾಮಿ."

"ಯಾವ ಆಧಾರದ ಮೇಲೆ?"

ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಇಪ್ಪತ್ತೇಳು ವರ್ಷ ಪಾಠ ಮಾಡಿದವಳು ನಾನು. ಬಾಯಿ ಒಣಗಿತು. "ತಾಯಿ ಪುತ್ತರಿಗೆ ಮುಂಚೆ ಎಂದಿದ್ದಳು. ಯಾವ ವರ್ಷದ ಪುತ್ತರಿ ಎಂದು ನಾನು ಕೇಳಲಿಲ್ಲ. ಎಲ್ಲರಿಗೂ ಬರೆಯುವಂತೆ ಜೂನ್ ಒಂದು ಎಂದು ಬರೆದೆ" ಎಂದೆ. ಹುಡುಗನ ಮುಖ ನೋಡುವ ಧೈರ್ಯವಾಗಲಿಲ್ಲ.

ನ್ಯಾಯಾಧೀಶರು ಪುಟ ತಿರುಗಿಸಿ ಹಿಂದುಮುಂದಿನ ಹೆಸರುಗಳನ್ನು ನೋಡಿದರು. ದಾಖಲೆ ಕೇಸಿಗಾಗಿ ಹುಟ್ಟಿದ್ದಲ್ಲ, ಹನ್ನೆರಡು ವರ್ಷ ಮೊದಲಿನದು. ಗಡಿಯಲ್ಲಿ ನಿಂತ ಇಂಥ ಪ್ರಕರಣದಲ್ಲಿ ಎರಡು ಅಭಿಪ್ರಾಯ ಸಾಧ್ಯವಿದ್ದರೆ ಬಾಲಕನೆಂಬ ಕಡೆಗೇ ವಾಲಬೇಕೆಂದು 2000ದಲ್ಲಿ ಅರ್ನಿತ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅರ್ಜಿ ಮಂಜೂರಾಯಿತು. ಮಂಡಳಿಯಲ್ಲಿ ಬುದ್ಧಿಮಾತು ಹೇಳಿ ಬಿಟ್ಟರು. ಮೂವತ್ತೆರಡು ವರ್ಷದ ಗಂಡಸು ಬಾಲಕನಂತೆ ತಲೆ ತಗ್ಗಿಸಿ ಕೇಳಿಸಿಕೊಂಡನಂತೆ.

ಆ ಕೆಲಸ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಮರುವರ್ಷ ಇನ್ನೊಂದು ಸಿಕ್ಕಿತು. 2023ರ ಜೂನ್‌ನಲ್ಲಿ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಬಂದಾಗ ಜನನ ಪತ್ರವನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಭದ್ರವಾಗಿ ತಂದಿದ್ದ. "ಸರಿಯಾಗಿ ನೋಡಿ ಬರೀರಿ ಟೀಚರೇ" ಎಂದ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ ಬರೆದೆ.