ಮಿದುಳಿನ ಕಬ್ಬಿಣ: ಅಲ್ಝೈಮರ್ ಸಂಶೋಧನೆಯ ಒಂದು ಎಳೆ, ಅದಿರುಸೀಮೆಯಿಂದ

ಬಳ್ಳಾರಿ ಜಿಲ್ಲೆಯ ಕುರೆಕುಪ್ಪದಲ್ಲಿ ಕಬ್ಬಿಣದ ಸುದ್ದಿ ಬರದೆ ಮಾತು ಮುಂದೆ ಸಾಗುವುದಿಲ್ಲ. ದಕ್ಷಿಣಕ್ಕೆ ಸಂಡೂರಿನ ಅದಿರು ಬೆಟ್ಟಗಳು, ಪಕ್ಕದಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಅದೇ ಲೋಹ ಮಿದುಳಿನ ಕೋಶದೊಳಗೂ ದುಡಿಯುತ್ತದೆ. ಅಲ್ಲಿ ಅದು ಮಿಕ್ಕರೂ ಕೇಡು, ತಗ್ಗಿದರೂ ಕೇಡು. ಅಮಿಲಾಯ್ಡ್ ಎಂಬ ಪ್ರೋಟೀನಿನ ಬೆನ್ನು ಹತ್ತಿದ ದಶಕಗಳಲ್ಲಿ ಅಲ್ಝೈಮರ್ ಸಂಶೋಧಕರಲ್ಲಿ ಹಲವರು ಈ ಮಾತನ್ನು ಬದಿಗೆ ಸರಿಸಿದ್ದರು.

ಹಾಗೆಂದು ಇದು ಹೊಸ ಸಂಗತಿಯೇನಲ್ಲ. ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಕಬ್ಬಿಣ ಶೇಖರವಾಗಿರುವುದನ್ನು ಲೂಯಿ ಗುಡ್‌ಮನ್ 1953ರಲ್ಲೇ ದಾಖಲಿಸಿದ್ದರು.

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡಾ 2. ದೇಹದ ಶಕ್ತಿಯಲ್ಲಿ ಅದು ನುಂಗುವುದು ಸುಮಾರು ಶೇಕಡಾ 20. ಗ್ಲೂಕೋಸ್‌ನ ತುಣುಕುಗಳು ಮೈಟೊಕಾಂಡ್ರಿಯಾ ಸೇರಿದ ಮೇಲೆ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತವೆ. ಆ ದಾಟುವಿಕೆಗೆ ಕಬ್ಬಿಣ-ಗಂಧಕದ ಗೊಂಚಲುಗಳೂ ಹೀಮ್ ಅಣುಗಳೂ ಬೇಕೇ ಬೇಕು. ಕಬ್ಬಿಣವಿಲ್ಲದಿದ್ದರೆ ಕೋಶದ ಇಂಧನವಾದ ಎಟಿಪಿ ಇಲ್ಲ, ನೆನಪೂ ಇಲ್ಲ. ಆದರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿ ಉಳಿದ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡಿನೊಡನೆ ಸೇರಿ ಕೋಶದ ಕೊಬ್ಬಿನ ಪೊರೆಯನ್ನೇ ಕೆಡಿಸುತ್ತದೆ. ಹೀಗೆ ಬರುವ ಕೋಶಮರಣಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಸಂಗಡಿಗರು 2012ರಲ್ಲಿ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು. ಅಮಿಲಾಯ್ಡ್‌ಗೂ ಕಬ್ಬಿಣಕ್ಕೂ ನೇರ ನಂಟಿದೆ. ಅಮಿಲಾಯ್ಡ್‌ನ ಮೂಲ ಪ್ರೋಟೀನನ್ನು ತಯಾರಿಸುವ ಆರ್‌ಎನ್‌ಎಯಲ್ಲೇ ಕಬ್ಬಿಣದ ಏರಿಳಿತಕ್ಕೆ ಸ್ಪಂದಿಸುವ ಒಂದು ತುಂಡು ಇರುವುದನ್ನು ಜ್ಯಾಕ್ ರೋಜರ್ಸ್ ತಂಡ 2002ರಲ್ಲಿ ತೋರಿಸಿತು.

ಹಾಗಾದರೆ ಕಬ್ಬಿಣವನ್ನು ಹೊರಹಾಕಿದರೆ ಸಾಕಲ್ಲವೇ? ಮೆಲ್ಬರ್ನ್‌ನ ಸ್ಕಾಟ್ ಐಟನ್ ತಂಡ ಇದನ್ನೇ ಪರೀಕ್ಷೆಗೆ ಒಡ್ಡಿತು. ದೇಹದಲ್ಲಿ ಕಬ್ಬಿಣ ತುಂಬಿಕೊಂಡ ಥಲಸ್ಸೇಮಿಯಾ ರೋಗಿಗಳಿಗೆ ಕೊಡುವ ಡೆಫೆರಿಪ್ರೋನ್ ಔಷಧವನ್ನು ಅಲ್ಝೈಮರ್‌ನ ಆರಂಭದ ಹಂತದಲ್ಲಿದ್ದ 81 ಜನ ಸೇರಿದ ಪ್ರಯೋಗದಲ್ಲಿ 12 ತಿಂಗಳು ಬಳಸಿ ನೋಡಿದರು. ನೆನಪಿಗೆ ಆಧಾರವಾದ ಮಿದುಳಿನ ಭಾಗ ಹಿಪೊಕ್ಯಾಂಪಸ್‌ನ ಕಬ್ಬಿಣ ಇಳಿಯಿತು. ಔಷಧ ಪಡೆದವರ ಬುದ್ಧಿಶಕ್ತಿ ಮಾತ್ರ ಇನ್ನೂ ಬೇಗ ಕುಸಿಯಿತು. 2024ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಸೋಲೆಂದು ಮಡಿಸಿಡುವುದು ಅವಸರವಾದೀತು. ದಣಿದ ಕೋಶ ಉಸಿರಾಡಲು ಬಳಸುತ್ತಿದ್ದ ಕಬ್ಬಿಣವನ್ನೇ ಔಷಧ ಕಿತ್ತುಕೊಂಡಿರಬಹುದೆಂಬ ಊಹೆಗೆ ಅದು ಎಡೆಕೊಡುತ್ತದೆ.

ರೋಟರ್‌ಡ್ಯಾಮಿನಲ್ಲಿ 12,305 ಜನರನ್ನು ಹಲವು ವರ್ಷ ಗಮನಿಸಿ 2019ರಲ್ಲಿ ಹೊರಬಂದ ಅಧ್ಯಯನವೂ ಇದೇ ದಿಕ್ಕಿನತ್ತ ಬೆರಳು ತೋರುತ್ತದೆ. ರಕ್ತದಲ್ಲಿ ಕಬ್ಬಿಣವನ್ನು ಹೊತ್ತಿರುವ ಹಿಮೋಗ್ಲೋಬಿನ್ ತೀರ ಕಡಿಮೆಯಿದ್ದವರಲ್ಲೂ ತೀರ ಹೆಚ್ಚಿದ್ದವರಲ್ಲೂ ಡಿಮೆನ್ಷಿಯಾದ ಅಪಾಯ ಹೆಚ್ಚಿತ್ತು.

ಅದಿರುಸೀಮೆಯ ಓದುಗರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ವಿಜ್ಞಾನಿ ಬಾರ್ಬರಾ ಮ್ಯಾಹರ್ 2016ರಲ್ಲಿ ಮೆಕ್ಸಿಕೊ ನಗರ ಮತ್ತು ಮ್ಯಾಂಚೆಸ್ಟರಿನ 37 ಜನರ ಮಿದುಳಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ಕಂಡರು. ಹಲವು ಕಣಗಳು ದುಂಡಗಿದ್ದವು. ಹೆಚ್ಚು ಶಾಖದಲ್ಲಿ ಹುಟ್ಟಿದ ಕುರುಹು ಅದು. ಸಂಡೂರಿನ ಅದಿರು ಬಹುಪಾಲು ಹೆಮಟೈಟ್ ಎಂಬ ಬೇರೊಂದು ಆಕ್ಸೈಡ್. ಗಣಿಯ ಕೆಂಪು ಧೂಳನ್ನೂ ಕುಲುಮೆಯ, ವಾಹನದ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆ ಕಣಗಳೇ ರೋಗ ತಂದವೆಂದು ಮ್ಯಾಹರ್ ಕೂಡ ಸಾಬೀತುಪಡಿಸಲಿಲ್ಲ.

ಇತ್ತ ನೆಲದಲ್ಲಿ ಕಬ್ಬಿಣ ಹೇರಳವಾಗಿರುವ ನಾಡಿನಲ್ಲಿ ರಕ್ತದಲ್ಲಿ ಅದಕ್ಕೆ ಬರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇವರೇ ಮುಂದೆ ವೃದ್ಧರಾಗುವವರು. ಮುಪ್ಪಿನ ಮರೆವನ್ನು ಅರಳು ಮರಳು ಎಂದು ತಳ್ಳಿಹಾಕುವ ಮನೆಗಳಲ್ಲಿ ಈ ಲೆಕ್ಕ ಯಾರೂ ಇಡುವುದಿಲ್ಲ.

ಲೆಕ್ಕ ಇಡುವ ಮಾದರಿ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಸುಮಾರು 10,000 ಜನರನ್ನು ದೀರ್ಘಕಾಲ ಗಮನಿಸುವ ಗುರಿಯಿಂದ ಸ್ಯಾನ್ಸ್‌ಕಾಗ್ ಅಧ್ಯಯನ ಕೈಗೊಂಡಿದೆ. ರಕ್ತಪರೀಕ್ಷೆ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲವೂ ಅದರಲ್ಲಿ ಸೇರಿವೆ. ಕುರೆಕುಪ್ಪ, ತೋರಣಗಲ್ಲು, ಸಂಡೂರಿನ ಒಂದು ತಂಡವನ್ನು ಇದೇ ಬಗೆಯಲ್ಲಿ ಅನುಸರಿಸಿ, ರಕ್ತದ ಫೆರಿಟಿನ್ (ಕಬ್ಬಿಣವನ್ನು ಕೂಡಿಡುವ ಪ್ರೋಟೀನ್), ಮಿದುಳಿನ ಕಬ್ಬಿಣ, ಉಸಿರಾಡುವ ಗಾಳಿಯ ಕಣಗಳು, ಈ ಮೂರನ್ನೂ ಒಟ್ಟಿಗೆ ಅಳೆದರೆ ಕೋಲಾರದ ಅಂಕಿಗಳ ಪಕ್ಕದಲ್ಲಿಟ್ಟು ನೋಡಲು ಬರುತ್ತದೆ.